ನಾಳೆಯ ಏರು

ನಮ್ಮದು ನಾಲ್ಕು ಪುಟದ ಸಂಜೆ ಪತ್ರಿಕೆ. ಜನ ಅದರಲ್ಲಿ ಮೊದಲು ಓದುವುದು ಮುಖಪುಟದ ಬಲಮೂಲೆಯ ಅಂಗೈಯಗಲದ ಚೌಕಟ್ಟನ್ನು. ಅದರ ತಲೆಬರಹ ‘ನಾಳೆಯ ಏರು’. ಊರಿನಿಂದ ಗುಡ್ಡಗಳ ಕಡೆಗೆ ಹೋಗುವ ಐದು ಜಲ್ಲಿ ರಸ್ತೆಗಳ ಹೆಸರು, ದೂರ, ಏರು ಯಾವ ಕಡೆಯಿಂದ ಎಂಬುದು, ಇಷ್ಟೇ ಅದರಲ್ಲಿರುವುದು. ಸಂಪಾದಕೀಯ ಬಿಟ್ಟುಹೋದ ದಿನ ಯಾರೂ ಕೇಳಿಲ್ಲ. ಆ ಚೌಕಟ್ಟು ಒಮ್ಮೆ ಎಡಮೂಲೆಗೆ ಹೋದಾಗ ಒಂದೇ ಸಂಜೆ ಇಪ್ಪತ್ತಾರು ಜನ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದರು.

ಬೆಳಕು ಹರಿದ ಮೇಲೆ ಯಾವ ಸೈಕಲ್ಲಿನ ಗಾಲಿ ಮೊದಲು ರಸ್ತೆಗೆ ಇಳಿಯುತ್ತದೋ ಆ ಗಾಲಿಗೆ ಏರು. ಅವತ್ತಿಡೀ ಅದೇ ದಿಕ್ಕಿಗೆ ಹೋಗುವ ಎಲ್ಲರಿಗೂ ಏರು, ಎದುರಿನಿಂದ ಬರುವ ಎಲ್ಲರಿಗೂ ಇಳಿಜಾರು. ಮರುದಿನದ ಬೆಳಕಿಗೆ ಲೆಕ್ಕ ಹೊಸದು. ಮೊದಲ ಗಾಲಿ ಏರು ಮುಗಿಯುವ ತನಕ ಹೋಗಲೇಬೇಕು. ನಡುವೆ ತಿರುಗಿದರೆ ರಸ್ತೆಯೂ ತಿರುಗುತ್ತದೆ. ನಡೆದು ಹೋಗುವವರಿಗೆ, ದನಕರುಗಳಿಗೆ ಅವತ್ತು ಸಿಕ್ಕಿದ್ದೇ ದಾರಿ. ಮೋಟಾರು ಗಾಡಿಗಳಿಗೆ ಹೋಗುವಾಗಲೂ ಏರು, ಬರುವಾಗಲೂ ಏರು. ಹಾಗಾಗಿ ಅವು ಈ ಕಡೆ ಬರುವುದಿಲ್ಲ.

ನಾನು ಹೊರಗಿನವನು. ದೊಡ್ಡ ಊರಿನ ದಿನಪತ್ರಿಕೆಯೊಂದರಲ್ಲಿ ಹದಿನಾರು ವರ್ಷ ವರದಿಗಾರನಾಗಿದ್ದು ಇಲ್ಲಿಗೆ ಬಂದೆ. ಬಂದ ಮೊದಲ ವಾರ, ಇದು ಯಾಕೆ ಹೀಗೆ ಎಂದು ಹದಿಮೂರು ಜನರನ್ನು ಕೇಳಿದೆ. ಹನ್ನೆರಡು ಜನ, “ಮತ್ತೆ ಹೆಂಗಿರ್ಬೇಕಿತ್ತು?” ಎಂದರು. ಹದಿಮೂರನೆಯವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟು ಅಳೆಯಲು ತೊಡಗಿದೆ. ಮುಂದಿನ ಗಾಲಿಗೆ ಸುತ್ತು ಎಣಿಸುವ ಮೀಟರು ಕಟ್ಟಿಸಿಕೊಂಡು ಐದೂ ರಸ್ತೆಗಳನ್ನು ಎರಡೆರಡು ಸಲ ತುಳಿದೆ. ಈ ಕಥೆಗೆ ಬೇಕಾದ್ದು ಒಂದೇ ರಸ್ತೆ, ಕರಿದಿಣ್ಣೆಯದು. ಅದು ಹದಿನಾಲ್ಕು ಕಿಲೋಮೀಟರು ಇನ್ನೂರು ಮೀಟರು. ಮೊದಲ ನಾಲ್ಕು ಕಿಲೋಮೀಟರು ಕೆಮ್ಮಣ್ಣಿನಲ್ಲಿ ಕೂತ ಸಣ್ಣ ಜಲ್ಲಿ, ಅಲ್ಲಿ ಗಾಲಿ ನೆಮ್ಮದಿಯಾಗಿ ಓಡುತ್ತದೆ. ಆಮೇಲೆ ಗೋಲಿಯಂಥ ಬಿಳಿ ಕಲ್ಲು, ಹದಿನೇಳು ತಿರುವು. ಅಲ್ಲಿ ಸೀಟಿನಿಂದ ಎದ್ದು ತುಳಿದರೆ ಹಿಂದಿನ ಗಾಲಿ ನಿಂತಲ್ಲೇ ಸುತ್ತುತ್ತದೆ. ಕೂತೇ ತುಳಿಯಬೇಕು, ಭಾರ ಹಿಂದಕ್ಕಿರಬೇಕು, ಹ್ಯಾಂಡಲನ್ನು ಮೆತ್ತಗೆ ಹಿಡಿಯಬೇಕು.

ಕರಿದಿಣ್ಣೆಯಲ್ಲಿ ಮೂವತ್ತೊಂದು ಮನೆ. ಎಲ್ಲರೂ ಹಸು ಸಾಕಿದವರು. ಬೆಳಗಿನ ಹಾಲು ಕೆಡದೆ ಊರಿಗೆ ಬರಬೇಕಾದರೆ ಅದು ಇಳಿದೇ ಬರಬೇಕು. ಅಂದರೆ ಊರಿನ ಕಡೆಯಿಂದ ಯಾರಾದರೂ ಬೆಳಕು ಹರಿಯುತ್ತಲೇ ಹೊರಟು ಏರನ್ನು ತಮ್ಮ ಮೇಲೆ ಹಾಕಿಕೊಳ್ಳಬೇಕು. ಹಾಗೆ ಹೊರಡುವವರಿಗೆ ನಮ್ಮಲ್ಲಿ ‘ಮೊದಲ ಗಾಲಿ’ ಎನ್ನುತ್ತಾರೆ. ರಸ್ತೆ ಸಮಿತಿ ಅವರನ್ನು ನೇಮಿಸುತ್ತದೆ. ರಸ್ತೆಯ ಎರಡೂ ತುದಿಯಲ್ಲಿ ಒಂದೊಂದು ಬಿಳಿ ಕಲ್ಲಿದೆ. ಆ ತುದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಕಾಯುವವರು ಕಲ್ಲಿನ ಮುಂದೆ ಒಂದು ಗೋಲಿ ಇಟ್ಟು ನೋಡುತ್ತಾರೆ. ಗೋಲಿ ಊರಿನ ಕಡೆಗೆ ಉರುಳಿತೆಂದರೆ ಮೊದಲ ಗಾಲಿ ಹೊರಟಿತು ಎಂದರ್ಥ. ಭಾನುವಾರ ಮಾತ್ರ ಸರದಿ ಕರಿದಿಣ್ಣೆಯವರದು. ಆರು ದಿನ ಊರಿನ ಕಡೆಗೆ ಜಾರಿದ ಜಲ್ಲಿ ಆವತ್ತು ಅತ್ತ ಕಡೆಗೆ ಜಾರಿ ಸಮವಾಗುತ್ತದೆ. ಆ ದಿನದ ಹಾಲಿಗೆ ಅವರು ಹೆಪ್ಪು ಹಾಕಿಬಿಡುತ್ತಾರೆ.

ಕರಿದಿಣ್ಣೆ ರಸ್ತೆಯ ಮೊದಲ ಗಾಲಿ ಚಿಕ್ಕತಾಯಮ್ಮ. ವಯಸ್ಸು ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ, ಭಾನುವಾರ ಬಿಟ್ಟು ದಿನಾ, ಸೀರೆಯ ಮೇಲೊಂದು ಖಾಕಿ ಅಂಗಿ ತೊಟ್ಟು ಆ ರಸ್ತೆ ಏರಿದವರು. ಅವರಿಂದಾಗಿ ನನ್ನ ಚೌಕಟ್ಟಿನ ಆ ಸಾಲು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಒಂದು ಮಂಗಳವಾರ, ಒಂಬತ್ತನೇ ತಾರೀಕು.

ಅವತ್ತು ಬೆಳಿಗ್ಗೆ ಏಳಕ್ಕೆ ನಾನು ಕಚೇರಿಯ ಬೀಗ ತೆಗೆಯುತ್ತಿದ್ದಾಗ ತರಕಾರಿ ವ್ಯಾಪಾರದ ರಾಚಯ್ಯ ಹಿಂದಿನ ಸಂಜೆಯ ಪತ್ರಿಕೆಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಬಂದರು.

“ಇದ್ಯಾರು ಸ್ವಾಮಿ ಬರ್ದಿದ್ದು, ಕರಿದಿಣ್ಣೆ ಊರಿಂದ ಏರು ಅಂತ?”

“ನಾನೇ.”

“ಹಂಗಾದ್ರೆ ನೀವೇ ಹೋಗಿ ತುಳೀರಿ. ಖಾಲಿ ಚೀಲ ಇಟ್ಕಂಡು ಏರಾನ ಅಂತ ಕಾಲಿಟ್ರೆ ಸೈಕಲ್ಲು ತಾನೇ ಓಡ್ತಾ ಐತೆ! ಬ್ರೇಕ್ ಹಿಡ್ದು ಹಿಡ್ದು ಕೈ ನೋಯ್ತು. ಅರ್ಧ ಫರ್ಲಾಂಗಿಗೇ ವಾಪಸ್ ಬಂದೆ. ಅಲ್ಲ, ನಲವತ್ತು ಕೇಜಿ ಹುರುಳಿಕಾಯಿ ಹೇರ್ಕಂಡು ಸಾಯಂಕಾಲ ಆ ಏರು ಯಾರಪ್ಪ ಏರ್ತಾನೆ?”

ಅವರ ಮಾತು ನಿಜವಾಗಿತ್ತು. ಬಿಳಿ ಕಲ್ಲಿನ ಹತ್ತಿರ ಹೋಗಿ ಗೋಲಿ ಇಟ್ಟು ನೋಡಿದೆ. ಅದು ಕರಿದಿಣ್ಣೆಯ ಕಡೆಗೆ ಉರುಳಿಹೋಯಿತು. ಆರೂವರೆಗೆ ಬರಬೇಕಾದ ಹಾಲು ಎಂಟೂ ನಲವತ್ತಕ್ಕೆ ಬಂತು, ಅರ್ಧಕ್ಕರ್ಧ ಒಡೆದಿತ್ತು. ಬಸ್ ನಿಲ್ದಾಣದ ಹೋಟೆಲಿನವರು ಬಂದವರಿಗೆಲ್ಲ ಕರೀ ಕಾಫಿ ಕೊಟ್ಟು, “ನಮ್ಮನ್ನ ಬೈಬೇಡಿ, ಪೇಪರ್‌ನೋರನ್ನ ಬೈರಿ” ಎಂದು ಕಳಿಸುತ್ತಿದ್ದರು. ಮೊದಲು ಹಾಲು ತಂದವರು ಕರಿದಿಣ್ಣೆಯ ಗುರುಮಲ್ಲಪ್ಪ. ಹದಿನಾಲ್ಕು ಕಿಲೋಮೀಟರು ಎರಡು ಕ್ಯಾನು ನೂಕಿಕೊಂಡು ಬಂದು ಅಂಗಿಯೆಲ್ಲ ಒದ್ದೆಯಾಗಿತ್ತು. ಕ್ಯಾನು ಇಳಿಸಿಕೊಟ್ಟು ಹಾಗೇ ಹೊರಟುಹೋದರು.

ಚಿಕ್ಕತಾಯಮ್ಮ ಬಂದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಸೈಕಲ್ಲನ್ನು ಊರುಗೋಲಿನ ಹಾಗೆ ಹಿಡಿದು ನಡೆದು ಬರುತ್ತಿದ್ದರು.

“ಏನಾಯ್ತಕ್ಕ?” ಎಂದೆ.

“ಏನಾಯ್ತದೆ? ತಡವಾಯ್ತು. ಬರ್ಕೊ.”

“ಎಷ್ಟು ತಡ?”

“ಆಗೋವಷ್ಟು.”

“ಯಾಕೆ ಅಂತ?”

“ನಿದ್ದೆ ಬಂತು ಕಣಪ್ಪ. ನಿದ್ದೆಗೂ ಟೈಮ್ ಹಾಕ್ಬೇಕಾ ನಿನ್ ಪೇಪರ್ನಾಗೆ?”

ನಮ್ಮ ಪತ್ರಿಕೆಗೊಂದು ಪದ್ಧತಿಯಿದೆ, ಅದು ನಾನು ಬರುವ ಮೊದಲಿನದು. ತಪ್ಪು ಅಚ್ಚಾದರೆ ಏಳು ದಿನದೊಳಗೆ ತಿದ್ದುಪಡಿ ಬರಬೇಕು. ಏನು ತಪ್ಪು, ಯಾಕೆ ತಪ್ಪು ಎಂಬ ಎರಡೂ ಅದರಲ್ಲಿರಬೇಕು. ನನ್ನ ಹನ್ನೊಂದು ವರ್ಷದಲ್ಲಿ ಮೂರು ತಿದ್ದುಪಡಿ ಬಂದಿದ್ದವು. ಅದರಲ್ಲೊಂದು ಜೋಡಿಬಂಡೆ ರಸ್ತೆಯ ದೂರವನ್ನು ಇನ್ನೂರು ಮೀಟರು ಹೆಚ್ಚು ಬರೆದದ್ದಕ್ಕೆ. ಇದು ನಾಲ್ಕನೆಯದಾಗಬೇಕಿತ್ತು.

ಚಿಕ್ಕತಾಯಮ್ಮ ಹೇಳಿದ್ದನ್ನೇ ಬರೆದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಮೊದಲ ಗಾಲಿ ತಡವಾಗಿ ಹೊರಟದ್ದು ಸಾಬೀತಾದರೆ ಸಮಿತಿ ಆ ರಸ್ತೆಯನ್ನು ಅವರಿಂದ ತೆಗೆಯುತ್ತದೆ. ಬೇರೆ ರಸ್ತೆಗಳಿಗೆ ಒಬ್ಬೊಬ್ಬ ಬದಲಿ ಇದ್ದಾರೆ. ಕರಿದಿಣ್ಣೆಗೆ ಎರಡು ವರ್ಷದಿಂದ ಯಾರೂ ಅರ್ಜಿ ಹಾಕಿಲ್ಲ. ಮೊದಲ ಗಾಲಿ ಇಲ್ಲದ್ದು ಬಿಡುರಸ್ತೆಯಾಗುತ್ತದೆ, ಯಾರು ಬೇಕಾದರೂ ಯಾವ ಕಡೆಯಿಂದ ಬೇಕಾದರೂ ಮೊದಲು ಹೊರಡಬಹುದು. ಹುಲ್ಲಹಾಡಿ ರಸ್ತೆ ಹಾಗಾಗಿ ನಾಲ್ಕು ವರ್ಷವಾಯಿತು. ಅಲ್ಲಿಯವರು ಹಸುಗಳನ್ನು ಮಾರಿ ಕುರಿ ತಂದಿದ್ದಾರೆ. ಕುರಿಯಾದರೆ ತಾನೇ ನಡೆದು ಬರುತ್ತದೆ.

ಆದರೆ ಅವರು ಹೇಳಿದ್ದು ನಿಜವೇ ಎಂದು ನೋಡಬೇಕಿತ್ತು. ಬಿಳಿ ಕಲ್ಲಿನ ಪಕ್ಕದಲ್ಲೇ ಇನಾಯತ್ ಸಾಬರ ಸೈಕಲ್ ಅಂಗಡಿ. ಬೆಳಕಿಗೆ ಮುಂಚೆ ಬಾಗಿಲು ತೆಗೆಯುವವರು ಅವರೊಬ್ಬರೇ.

“ತಡಾನಾ? ಯಾರಂದ್ರು?” ಎಂದರು ಅವರು, ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತ. “ಐದೂ ಐವತ್ತಕ್ಕೆ ಇಲ್ಲಿ ನಿಂತು ಗಾಳಿ ನೋಡಿಸ್ಕೊಂಡ್ರು. ದಿನಾ ನೋಡಿಸ್ತಾರೆ. ಜಲ್ಲಿಗೆ ಗಾಳಿ ಹೆಚ್ಚಿರಬಾರ್ದು, ಹೆಬ್ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಬೇಕು. ಐವತ್ತೊಂದಕ್ಕೆ ಕಲ್ಲು ದಾಟಿದ್ರು. ಈ ಗಡಿಯಾರ ನೋಡಿ ಸಾರ್, ನಿಮ್ಮ ಪೇಪರ್‌ಗಿಂತ ಸರಿ ಇದೆ.”

“ಮತ್ತೆ ಅವರೇ ಯಾಕೆ ತಡ ಅಂತಾರೆ?”

ಇನಾಯತ್ ಸಾಬರು ಟ್ಯೂಬು ಕೆಳಗಿಟ್ಟು ಕೈ ಒರೆಸಿಕೊಂಡರು. “ಮೂರು ತಿಂಗಳಲ್ಲಿ ಎರಡು ಸಲ ಹಿಂದಿನ ಹಲ್ಲುಚಕ್ರ ಬದಲಾಯಿಸಿದೀನಿ ಸಾರ್. ಇಪ್ಪತ್ತೆಂಟು ಹಲ್ಲು ಇತ್ತು, ಮೂವತ್ತೆರಡು ಹಾಕಿಸಿದ್ರು. ಈಗ ಮೂವತ್ತಾರು. ಅದಕ್ಕಿಂತ ದೊಡ್ಡದು ನನ್ನ ಹತ್ರ ಇಲ್ಲ. ನಾನು ಏನೂ ಕೇಳಿಲ್ಲ, ಅವರು ಏನೂ ಹೇಳಿಲ್ಲ. ನೀವೂ ನನ್ನ ಕೇಳಿಲ್ಲ.”

ಹಿಂದಿನ ಚಕ್ರ ದೊಡ್ಡದಾದಷ್ಟೂ ಕಾಲಿಗೆ ಭಾರ ಕಡಿಮೆ, ಸುತ್ತು ಜಾಸ್ತಿ. ಅಷ್ಟು ನನಗೂ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಅವರ ಹಿಂದೆ ಇನ್ನೂರು ಮೀಟರು ಅಂತರ ಬಿಟ್ಟು ನಾನೂ ಹೊರಟೆ. ಅವತ್ತು ರಸ್ತೆ ಎಂದಿನಂತೆ ಊರಿನಿಂದ ಏರಿತ್ತು. ನಾಲ್ಕನೇ ಕಿಲೋಮೀಟರಿನ ತನಕ ಅವರ ತುಳಿತದಲ್ಲಿ ಏರುಪೇರಿರಲಿಲ್ಲ. ಐದನೆಯದರಲ್ಲಿ ಗುರುಮಲ್ಲಪ್ಪ ಮತ್ತು ಇನ್ನಿಬ್ಬರು ಹಾಲಿನ ಕ್ಯಾನುಗಳೊಂದಿಗೆ ಎದುರಿನಿಂದ ಇಳಿದು ಹೋದರು. ಬಿಳಿ ಕಲ್ಲಿನ ತಿರುವುಗಳಲ್ಲಿ ಚಿಕ್ಕತಾಯಮ್ಮ ಬಲಗಾಲಿನಲ್ಲೇ ಒತ್ತುತ್ತಿದ್ದದ್ದು ಕಾಣಿಸಿತು. ಎಡಗಾಲು ಪೆಡಲಿನ ಮೇಲೆ ಸುಮ್ಮನೆ ಕೂತು ಸುತ್ತುತ್ತಿತ್ತು. ಒಂಬತ್ತು ಕಿಲೋಮೀಟರು ಮುನ್ನೂರು ಮೀಟರಿನಲ್ಲಿ ಇಳಿದರು. ಗಾಲಿ ರಸ್ತೆ ಬಿಡಬಾರದೆಂದು ಸೈಕಲ್ಲನ್ನು ನೂಕಿಕೊಂಡೇ, ಎಡಗಾಲನ್ನು ಮಡಿಸದೆ, ನಡೆಯತೊಡಗಿದರು. ನಾನು ಹತ್ತಿರ ಹೋದಾಗ ತಿರುಗಿ ನೋಡಲಿಲ್ಲ.

“ನೋಡ್ದೆ ಅಂತ ಬರ್ಕೊಂಡ್ಯಾ?”

“ಬರ್ಕೊಂಡೆ.”

“ಎಷ್ಟಕ್ಕೆ ಇಳ್ದೆ?”

“ಒಂಬತ್ತು ಮುನ್ನೂರು.”

“ಹೋದ್ವಾರ ಒಂಬತ್ತು ಆರ್ನೂರಿತ್ತು” ಎಂದರು. ಅಷ್ಟೆ. ಕರಿದಿಣ್ಣೆಯ ಕಲ್ಲು ಮುಟ್ಟಿ, ಅಲ್ಲಿಯ ತೊಟ್ಟಿಯಲ್ಲಿ ಮುಖ ತೊಳೆದು, ಹಾಗೇ ತಿರುಗಿ ಇಳಿದು ಹೋದರು.

ನಾನು ಗುರುಮಲ್ಲಪ್ಪನವರಿಗಾಗಿ ಕಾದೆ. ಅವರು ಖಾಲಿ ಕ್ಯಾನುಗಳನ್ನು ಕಟ್ಟಿಕೊಂಡು ಏರಿ ಬರುವಾಗ ಒಂಬತ್ತೂವರೆ. ನನ್ನನ್ನು ಕಂಡು ಸೈಕಲ್ಲಿಂದ ಇಳಿಯುತ್ತಲೇ, “ನಾನೇ ಸಾಮಿ” ಎಂದರು. “ನೀವು ಸುತ್ತಿ ಬಳಸಿ ಕೇಳ್ಬೇಡಿ. ನಿನ್ನೆ ಮೊದ್ಲು ಹೊಲ್ಟಿದ್ದು ನಾನೇ.”

ಕರಿದಿಣ್ಣೆ ಮೂಡಣ ಗುಡ್ಡದ ಮೇಲಿದೆ. ಅಲ್ಲಿಗೆ ಬೆಳಕು ಊರಿಗಿಂತ ಎರಡು ನಿಮಿಷ ಮುಂಚೆ ಬರುತ್ತದೆ. ಮನಸ್ಸು ಮಾಡಿದರೆ ದಿನಾ ಅವರೇ ಮೊದಲು ಹೊರಡಬಹುದು. ಕೊಟ್ಟ ಮಾತಿಗೆ ಕಟ್ಟುಬಿದ್ದು ಗೋಲಿ ಉರುಳುವ ತನಕ ನಿಂತಿರುತ್ತಾರೆ.

“ಯಾಕೆ ಹೊರಟ್ರಿ?”

“ಆವಮ್ಮ ಕಾಲೆಳ್ಕಂಡು ಹತ್ತೋದು, ನಾವು ಎದುರಿಂದ ಜುಮ್ಮಂತ ಜಾರ್ಕಂಡು ಹೋಗೋದು. ದಿನಾ ಮುಖ ಮುಖ ನೋಡ್ಬೇಕು ಸಾಮಿ. ಒಂದಿನ ನಾನೇ ಹತ್ತಾನ, ಆವಮ್ಮ ಕೂತ್ಕಂಡು ಇಳೀಲಿ ಅಂದ್ಕಂಡೆ.”

“ಇಳಿದು ಬಂದ ಮೇಲೆ ವಾಪಸ್ಸು?”

ಅವರು ಕ್ಯಾನಿನ ಹಗ್ಗ ಬಿಚ್ಚುವುದನ್ನು ನಿಲ್ಲಿಸಿದರು. “ಅದೇ ನೋಡಿ. ನಮ್ಗೆ ವಾಪಸ್ಸು ಅಂದ್ರೆ ಖಾಲಿ ಕ್ಯಾನು. ಖಾಲಿ ಕ್ಯಾನು ಯಾರ್ಗೆ ಭಾರ? ಆವಮ್ಮನ ಕಾಲು ಕ್ಯಾನಲ್ಲ ಅಂತ ತಲೆಗೇ ಹೋಗ್ನಿಲ್ಲ. ನಮ್ಮೂರಿಂದ ಮೂರನೇ ಕಿಲೋಮೀಟರ್ನಾಗೆ, ಏನಾಯ್ತೋ ನೋಡಾನ ಅಂತ ಬಂದೋಳು ಎದುರಾದ್ಲು. ಬ್ರೇಕ್ ಹಿಡ್ದು ನಿಂತು ಏನಂದ್ಲು ಗೊತ್ತಾ? ‘ಗುರುಮಲ್ಲ, ನಂಗೆ ಉಪಕಾರ ಮಾಡಕ್ಕೆ ಬಂದ್ಯಾ, ಇಲ್ಲೇ ಮಣ್ಣು ಮಾಡಕ್ಕೆ ಬಂದ್ಯಾ’ ಅಂದ್ಲು. ಆಮೇಲೆ, ‘ಯಾರಾದ್ರೂ ಕೇಳಿದ್ರೆ ನಾನೇ ತಡ ಅಂತೀನಿ, ನೀನು ಬಾಯಿ ಬುಡ್ಬೇಡ’ ಅಂದ್ಲು.”

ಸರದಿ ತಪ್ಪಿಸಿ ಮೊದಲು ಹೊರಟ ಹಳ್ಳಿಗೆ ಸಮಿತಿ ಮೂರು ತಿಂಗಳು ಮೊದಲ ಗಾಲಿ ಕಳಿಸುವುದಿಲ್ಲ. ಹೀಗಾಗಿ ಚಿಕ್ಕತಾಯಮ್ಮ ಹೇಳಿದ್ದನ್ನು ಬರೆದರೂ, ಗುರುಮಲ್ಲಪ್ಪ ಹೇಳಿದ್ದನ್ನು ಬರೆದರೂ ಕರಿದಿಣ್ಣೆಯ ಹಾಲು ನಿಲ್ಲುತ್ತಿತ್ತು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ನನಗಿದ್ದ ಆಯ್ಕೆ ಅಷ್ಟೆ. ಸಮಿತಿ ಸೇರುವುದು ಮುಂದಿನ ಮಂಗಳವಾರ, ತಿದ್ದುಪಡಿಗೆ ಕೊನೆಯ ದಿನ ಸೋಮವಾರ.

ಆ ಸಂಜೆ ಮತ್ತು ಗುರುವಾರ ಇಡೀ ದಿನ ಹಳೆಯ ಸಂಪುಟಗಳನ್ನು ತಿರುವಿಹಾಕಿದೆ. ಏನು ಹುಡುಕುತ್ತಿದ್ದೇನೆಂಬುದು ಸ್ಪಷ್ಟವಿರಲಿಲ್ಲ. ಇಂಥದ್ದು ಹಿಂದೆ ಆಗಿದ್ದರೆ ಏನು ಮಾಡಿದರು ಎಂದು ತಿಳಿಯಬೇಕಿತ್ತು. ಮೂವತ್ತೆಂಟು ವರ್ಷ ಹಿಂದಿನ ಸಂಪುಟದಲ್ಲಿ, ಎಮ್ಮೆ ಕಳೆದುಹೋದ ಸುದ್ದಿಯ ಕೆಳಗೆ, ಎರಡು ಸಾಲು ಸಿಕ್ಕಿತು: ‘ನಿನ್ನೆ ಎರಡೂ ಕಡೆಯ ಅಂಚೆಯವರು ಒಂದೇ ಹೊತ್ತಿಗೆ ಹೊರಟ ಕಾರಣ ಜೋಡಿಬಂಡೆ ರಸ್ತೆಯ ನಡುವೆ ನೆತ್ತಿ ಎದ್ದಿತ್ತು. ಇಂದು ಸರಿಹೋಗಿದೆ.’ ಬರೆದವರಿಗೆ ಅದೊಂದು ದೋಷವಾಗಿ ಕಂಡಿತ್ತು. ನಾನು ಆ ಪುಟವನ್ನು ಮೂರು ಸಲ ಓದಿದೆ.

ಶುಕ್ರವಾರ ಚಿಕ್ಕತಾಯಮ್ಮನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಮಂಡಿಗೆ ಬಿಸಿ ಮರಳಿನ ಗಂಟು ಒತ್ತಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಗಂಟನ್ನು ಸೆರಗಿನಲ್ಲಿ ಮುಚ್ಚಿದರು. ಇಬ್ಬರೂ ಒಂದೇ ಕ್ಷಣಕ್ಕೆ ಎರಡು ಕಲ್ಲು ದಾಟಿದರೆ ಇಬ್ಬರಿಗೂ ಏರು, ನಡುವೆ ನೆತ್ತಿ, ಅಲ್ಲಿಂದ ಇಬ್ಬರಿಗೂ ಹಿಂದಕ್ಕೆ ಇಳಿಜಾರು ಎಂದು ವಿವರಿಸಿದೆ. ಹದಿನಾಲ್ಕರ ಬದಲು ಏಳು ಎಂದೆ.

“ಅರ್ಧ ದಾರಿಗೆ ವಾಪಸ್ ಬರೋಳ್ನ ಮೊದಲ ಗಾಲಿ ಅಂತಾರಾ?”

“ಏರು ಮುಗಿಯೋ ತನಕ ಹೋಗ್ಬೇಕು ಅಂತ ಪದ್ಧತಿ. ನೆತ್ತಿಗೆ ಹೋದ್ರೆ ಏರು ಮುಗೀತು.”

“ನಿನ್ ಮಾತು ವಕೀಲ್ರ ಮಾತು.”

“ಒಂಬತ್ತು ಮುನ್ನೂರಕ್ಕೆ ಇಳಿದು ನೂಕ್ಕೊಂಡು ಹೋಗೋಳ್ನ ಏನಂತಾರಕ್ಕ?”

ಅವರು ಸೆರಗು ಸರಿಸಿ ಗಂಟನ್ನು ಮತ್ತೆ ಮಂಡಿಗೆ ಒತ್ತಿದರು. “ಇವತ್ತು ಒಂಬತ್ತಕ್ಕೇ ಇಳ್ದೆ” ಎಂದರು. ಆಮೇಲೆ, “ಭಾನುವಾರ ಅವ್ರ ಸರದಿ. ಗುರುಮಲ್ಲ ಒಪ್ಪಿದ್ರೆ ಯಾರ ಮಾತೂ ಮುರಿಯಾಕಿಲ್ಲ” ಎಂದರು.

ಗುಡ್ಡದಲ್ಲಿ ಫೋನು ಹಿಡಿಯುವುದಿಲ್ಲ. ಬೆಳಕನ್ನು ನಂಬುವಂತಿಲ್ಲ, ಅದು ಎರಡು ನಿಮಿಷ ಹಿಂದುಮುಂದು. ಶನಿವಾರ ಹಾಲು ತಂದ ಗುರುಮಲ್ಲಪ್ಪನವರ ಕೈಗೆ ನನ್ನ ಗಡಿಯಾರ ಕಟ್ಟಿದೆ. ಇನಾಯತ್ ಸಾಬರ ಗಡಿಯಾರವನ್ನು ಅದಕ್ಕೆ ಸರಿಮಾಡಿ ನಾನಿಟ್ಟುಕೊಂಡೆ. ಹಿಂದಿನ ರಾತ್ರಿಯಿಡೀ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೆ, ಹನ್ನೆರಡು ಗಂಟೆಗೆ ಒಂದು ಸೆಕೆಂಡು ವ್ಯತ್ಯಾಸ. ಅಷ್ಟು ನಿಖರತೆ ಸಾಕೇ ಎಂಬುದು ಗೊತ್ತಿರಲಿಲ್ಲ. ಐದು ಗಂಟೆ ಐವತ್ತೈದು ನಿಮಿಷಕ್ಕೆ ಕಲ್ಲು ದಾಟುವುದೆಂದು ಮಾತಾಯಿತು. ಆ ಹೊತ್ತಿಗೆ ಎರಡೂ ಕಡೆ ಬೆಳಕಿರುತ್ತದೆ.

“ಮುಳ್ಳು ಹನ್ನೊಂದ್ರ ಮೇಲೆ ಬರೋ ತನಕ ಉಸ್ರು ಬುಡಾಕಿಲ್ಲ” ಎಂದು ಗುರುಮಲ್ಲಪ್ಪ ಹೋದರು.

ಭಾನುವಾರ ಐದೂ ಐವತ್ತಕ್ಕೆ ಕಲ್ಲಿನ ಹತ್ತಿರ ನಾವು ಮೂವರು: ಚಿಕ್ಕತಾಯಮ್ಮ, ನಾನು, ಗಡಿಯಾರ ಕೊಟ್ಟ ತಪ್ಪಿಗೆ ಬಂದ ಇನಾಯತ್ ಸಾಬರು. ಕಲ್ಲಿನ ಮುಂದೆ ಇಟ್ಟ ಗೋಲಿ ಎತ್ತಲೂ ಹೋಗದೆ ನಿಂತಿತ್ತು. ನಾನು ಕೊನೆಯ ಹತ್ತು ಸೆಕೆಂಡುಗಳನ್ನು ಎಣಿಸಿದೆ. ಸೊನ್ನೆಗೆ ಚಿಕ್ಕತಾಯಮ್ಮನವರ ಮುಂದಿನ ಗಾಲಿ ಕಲ್ಲು ದಾಟಿತು. ಗೋಲಿ ನಮ್ಮ ಕಡೆಗೆ ಉರುಳಿ ಬಂತು.

“ಏರೈತೆ!” ಎಂದು ಇನಾಯತ್ ಸಾಬರು ಚಿಕ್ಕತಾಯಮ್ಮನವರದೇ ಧಾಟಿಯಲ್ಲಿ ಕೂಗಿದರು.

ಏರಿದ್ದದ್ದು ನಿಜ, ಆದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ದಾಟಿದ್ದರೂ ನಮಗೆ ಏರು, ನಾವು ಒಂದು ಸೆಕೆಂಡು ಮುಂಚೆ ದಾಟಿದ್ದರೂ ನಮಗೆ ಏರು. ನೆತ್ತಿ ಸಿಗುವ ತನಕ ಇದಕ್ಕೆ ಉತ್ತರವಿಲ್ಲ. ಸಿಗದಿದ್ದರೆ ಹದಿನಾಲ್ಕೂ ಏರಬೇಕು.

ಚಿಕ್ಕತಾಯಮ್ಮ ಎಂದಿನ ಹದದಲ್ಲೇ ತುಳಿದರು. ನಾನು ಹಿಂದೆ ಇದ್ದು ಮೀಟರು ನೋಡುತ್ತಿದ್ದೆ. ಆರು ಕಿಲೋಮೀಟರಿನಲ್ಲಿ ಬಲಗಾಲಿನಲ್ಲೇ ಒತ್ತಲು ಶುರುಮಾಡಿದರು. ಏಳು ಬಂತು. ಏಳು ಕಿಲೋಮೀಟರು ನೂರು ಮೀಟರು, ಅದು ಸರಿಯಾಗಿ ನಡುಮಧ್ಯ. ನೆತ್ತಿ ಇರಲಿಲ್ಲ. ಮುಂದಿನ ತಿರುವಿನಾಚೆಯೂ ರಸ್ತೆ ಮೇಲಕ್ಕೇ ಹೋಗಿತ್ತು.

“ಎಷ್ಟು?” ಎಂದರು ತಿರುಗದೆ.

“ಏಳು ಐನೂರು.”

“ನಡು ದಾಟ್ತಲ್ಲ.”

“ದಾಟ್ತು.”

“ಮಲಗವ್ನೆ ಅವ್ನು. ಗಡಿಯಾರ ಕಟ್ಕಂಡು ಮಲಗವ್ನೆ.”

ಎಂಟು ಬಂತು. ಅವರು ಇಳಿಯುತ್ತಾರೆಂದು ನಾನೂ ಇಳಿಯಲು ಸಿದ್ಧನಾದೆ. ಇಳಿಯಲಿಲ್ಲ. ಹಿಂದಿನ ಗಾಲಿ ಒಮ್ಮೆ ಜಾರಿ ಜಲ್ಲಿ ಸಿಡಿಯಿತು. ಹ್ಯಾಂಡಲ್ ಅಲುಗದಂತೆ ಹಿಡಿದು ಮತ್ತೆ ಒತ್ತಿದರು. ಆಗ ಎದುರು ರಸ್ತೆಯ ಅಂಚಿನ ಮೇಲೆ ಮೊದಲು ಒಂದು ರುಮಾಲು, ಆಮೇಲೆ ಒಂದು ಮೀಸೆ, ಆಮೇಲೆ ಎರಡು ಹಾಲಿನ ಕ್ಯಾನು ಎದ್ದು ಬಂದವು. ಎರಡು ಸೈಕಲ್ಲುಗಳ ಮುಂದಿನ ಗಾಲಿಗಳ ನಡುವೆ ಒಂದು ಮೊಳ ಜಾಗವಿದ್ದಾಗ ರಸ್ತೆ ನಮ್ಮ ಕೆಳಗೆ ಸಮವಾಯಿತು. ಇಬ್ಬರೂ ಕಾಲೂರಿ ನಿಂತರು. ಅವರ ಬೆನ್ನ ಹಿಂದೆಯೂ ಇಳಿಜಾರು, ನಮ್ಮ ಬೆನ್ನ ಹಿಂದೆಯೂ ಇಳಿಜಾರು. ಮೀಟರು ಎಂಟು ಕಿಲೋಮೀಟರು ನೂರು ಮೀಟರು ತೋರಿಸುತ್ತಿತ್ತು. ಹೊತ್ತು ಏಳಕ್ಕೆ ಎರಡು ನಿಮಿಷ.

“ಭಾನುವಾರ ಹಾಲ್ಯಾಕೆ ಹೊತ್ಕಂಡು ಬಂದೆ?” ಚಿಕ್ಕತಾಯಮ್ಮನವರ ಮೊದಲ ಮಾತು ಇದು.

“ಹೊರದೆ ನೋಡಿದ್ರೆ ಲೆಕ್ಕಕ್ಕೆ ಬರ್ತದಾ ಅಕ್ಕ? ನಾಳೆ ಹೊರ್ಬೇಕಲ್ಲ.”

“ಅದ್ಕೇ ಆಮೆ ತರ ಬಂದೆ. ನಿಂದು ಆರು, ನಂದು ಎಂಟು.”

ಹಳೆಯ ಸುದ್ದಿಯಲ್ಲಿ ಬರೆಯದಿದ್ದ ವಿಷಯ ಇದು: ನೆತ್ತಿ ರಸ್ತೆಯ ನಡುವೆ ಏಳುವುದಿಲ್ಲ, ಇಬ್ಬರು ಸೇರಿದಲ್ಲಿ ಏಳುತ್ತದೆ. ಯಾರು ಬೇಗ ತುಳಿಯುತ್ತಾರೋ ಅವರ ಪಾಲಿಗೆ ಏರು ಹೆಚ್ಚು. ನಾನಿದನ್ನು ಬರೆದುಕೊಳ್ಳುತ್ತಿದ್ದಾಗ ಚಿಕ್ಕತಾಯಮ್ಮ ಕ್ಯಾನುಗಳನ್ನು ನೋಡುತ್ತಿದ್ದರು.

“ಆ ಕ್ಯಾನು ಇತ್ಲಾಗೆ ಕೊಡು. ನಾನು ಹೆಂಗಿದ್ರೂ ಖಾಲಿ ಇಳೀತೀನಿ. ನೀನ್ಯಾಕೆ ಊರಿಗ್ ಬರ್ಬೇಕು?”

ಗುರುಮಲ್ಲಪ್ಪ ಹಗ್ಗ ಬಿಚ್ಚಿದರು. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತು ಅದು. ಹೊಳೆಯುವಂಥ ಜಾಗ ಆ ರಸ್ತೆಯಲ್ಲಿ ಇರಲಿಲ್ಲ. ಅವತ್ತು ಊರಿನವರು ಭಾನುವಾರವೂ ಹಾಲಿನ ಕಾಫಿ ಕುಡಿದರು.

ಸೋಮವಾರ ಹಳೆಯ ಪದ್ಧತಿಯಂತೆ ಚಿಕ್ಕತಾಯಮ್ಮ ಇಡೀ ರಸ್ತೆ ಏರಿ ಬಂದು, ಕಚೇರಿಯಲ್ಲಿ ಕೂತು, ನಾನು ಬರೆದ ತಿದ್ದುಪಡಿಯನ್ನು ಓದಿಸಿ ಕೇಳಿದರು. ಅದು ಹೀಗಿತ್ತು: ‘ಕಳೆದ ಮಂಗಳವಾರಕ್ಕೆ ಕರಿದಿಣ್ಣೆ ರಸ್ತೆ ಊರಿನಿಂದ ಏರು ಎಂದು ಪ್ರಕಟಿಸಿದ್ದೆವು. ಆ ದಿನ ಏರಿದ್ದದ್ದು ಕರಿದಿಣ್ಣೆಯಿಂದ. ಕಾರಣ: ಮೊದಲ ಗಾಲಿ ಚಿಕ್ಕತಾಯಮ್ಮನವರ ಎಡಮಂಡಿಯ ನೋವನ್ನು ಕಂಡು ಕರಿದಿಣ್ಣೆಯ ಗುರುಮಲ್ಲಪ್ಪನವರು ತಮ್ಮ ಸರದಿಯಲ್ಲದಿದ್ದರೂ ಮೊದಲು ಹೊರಟರು. ಚಿಕ್ಕತಾಯಮ್ಮನವರು ಸಮಯಕ್ಕೆ ಸರಿಯಾಗಿ, 5 ಗಂಟೆ 51 ನಿಮಿಷಕ್ಕೆ, ಕಲ್ಲು ದಾಟಿದ್ದರು. ಭಾನುವಾರ ಇಬ್ಬರೂ ಒಂದೇ ಕ್ಷಣಕ್ಕೆ ಹೊರಟು ನೋಡಿದಾಗ ನೆತ್ತಿ ಊರಿನಿಂದ 8 ಕಿ.ಮೀ. 100 ಮೀಟರಿನಲ್ಲಿ ಎದ್ದಿತು. ಹಾಲು ಕೆಡಲಿಲ್ಲ.’

“ಮಂಡಿ ತೆಗಿ” ಎಂದರು.

“ಮಂಡಿ ತೆಗೆದ್ರೆ ಕಾರಣವೇ ಇರಲ್ಲಕ್ಕ.”

“ಎಡ ಅನ್ನೋದನ್ನಾದ್ರೂ ತೆಗಿ.”

ಎಡ ತೆಗೆದೆ. ಹನ್ನೊಂದು ವರ್ಷದಲ್ಲಿ ಗೊತ್ತಿದ್ದೂ ಬಿಟ್ಟ ಸಂಗತಿ ಅದೊಂದೇ.

ಮಂಗಳವಾರ ಸಮಿತಿ ಸೇರಿತು. ಅಧ್ಯಕ್ಷೆ ದೇವೀರಮ್ಮಣ್ಣಿ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಬಾಗಿಲ ತನಕ ಜನ.

ರಾಚಯ್ಯ ಮೊದಲು ಎದ್ದರು. “ಯಾವ ಮಂಡಿ ಅಂತ ಬರ್ದಿಲ್ವಲ್ಲ ಇದ್ರಾಗೆ?”

“ಎರಡೂ ನಂದೇ ಕಣೋ ರಾಚ” ಎಂದರು ಚಿಕ್ಕತಾಯಮ್ಮ ಕೂತಲ್ಲಿಂದಲೇ.

ನಗು ನಿಂತ ಮೇಲೆ ರಾಚಯ್ಯ ಬಿಡಲಿಲ್ಲ. “ಅಲ್ಲ ಅಮ್ಮಣ್ಣಿ, ಅರ್ಧ ಏರು ಅರ್ಧ ಇಳುಕ್ಲು ಅಂದ್ರೆ ಅದ್ಯಾವ ಸೀಮೆ ರಸ್ತೆ? ಹೋಗೋವಾಗ್ಲೂ ಏರ್ಬೇಕು, ಬರೋವಾಗ್ಲೂ ಏರ್ಬೇಕು. ಎಲ್ಲಾದ್ರೂ ಉಂಟಾ?”

ದೇವೀರಮ್ಮಣ್ಣಿ ನನ್ನ ಕಡೆ ನೋಡಿದರು. “ನೀವು ಹೊರಗೆ ಓಡಾಡಿದೋರು. ಬೇರೆ ಕಡೆ ಹೆಂಗಿದಾವೆ?”

“ಬೇರೆ ಕಡೆ ಎಲ್ಲ ರಸ್ತೆಗಳೂ ಹಾಗೇ ಇರೋದು” ಎಂದೆ.

ಇದನ್ನು ಯಾರೂ ನಂಬಲಿಲ್ಲ ಎಂಬುದು ಮುಖಗಳಲ್ಲೇ ಕಾಣಿಸಿತು. ಆದರೆ ಅಧ್ಯಕ್ಷೆ ಬೇರೆ ಪ್ರಶ್ನೆ ಎತ್ತಿದರು. ನೆತ್ತಿ ದಿನಾ ಒಂದೇ ಕಡೆ ಎದ್ದರೆ ಅಲ್ಲಿಯ ಜಲ್ಲಿ ಎರಡೂ ಕಡೆಗೆ ಜಾರಿ ರಸ್ತೆ ಬೋಳಾಗುವುದಿಲ್ಲವೇ? ಅದಕ್ಕೆ ಉತ್ತರ ಹೇಳಿದವರು ಚಿಕ್ಕತಾಯಮ್ಮ. “ಒಂದೇ ಕಡೆ ಯಾಕೆ ಏಳ್ತದೆ ಅಮ್ಮಣ್ಣಿ? ನನ್ ಮಂಡಿ ಒಂದಿನ ಇದ್ದಂಗೆ ಒಂದಿನ ಇರಾಕಿಲ್ಲ. ಅವ್ನ ಹಸು ಒಂದಿನ ಕೊಟ್ಟಷ್ಟು ಹಾಲು ಇನ್ನೊಂದಿನ ಕೊಡಾಕಿಲ್ಲ.”

ಗುರುಮಲ್ಲಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಸರದಿ ತಪ್ಪಿಸಿದ್ದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದಾಗ, “ತಪ್ಪಾಯ್ತು. ವಾಪಸ್ ಬರೋದನ್ನ ಯೋಚ್ನೆ ಮಾಡ್ನಿಲ್ಲ” ಎಂದರು. ಸಮಿತಿ ಮುಕ್ಕಾಲು ಗಂಟೆ ಮಾತಾಡಿ ತೀರ್ಮಾನ ಮಾಡಿತು. ಮೂರು ತಿಂಗಳ ಶಿಕ್ಷೆ ಈ ಸಲಕ್ಕೆ ಮಾಫಿ; ಕರಿದಿಣ್ಣೆ ರಸ್ತೆಗೆ ಇನ್ನು ಎರಡು ಮೊದಲ ಗಾಲಿ, ಊರಿನ ಕಡೆಯಿಂದ ಚಿಕ್ಕತಾಯಮ್ಮ, ಆ ಕಡೆಯಿಂದ ಗುರುಮಲ್ಲಪ್ಪ. ಆದರೆ ಒಂದು ಷರತ್ತು: ನೆತ್ತಿ ಊರಿನಿಂದ ಎಂಟು ಕಿಲೋಮೀಟರು ದಾಟಿ ಮೂರು ದಿನ ಸತತ ಎದ್ದರೆ, ಆ ಏರು ಚಿಕ್ಕತಾಯಮ್ಮನವರಿಗೆ ಹೆಚ್ಚಾಯಿತೆಂದು ತಿಳಿದು ಅವರನ್ನು ಬಿಡಿಸುವುದು. ನೆತ್ತಿಯ ಜಾಗವನ್ನು ದಿನಾ ಅಳೆದು ಪ್ರಕಟಿಸುವುದು ಪತ್ರಿಕೆಯ ಕೆಲಸ.

ಆ ಸಂಜೆ ಚೌಕಟ್ಟಿನಲ್ಲಿ ಬರೆದೆ: ‘ಕರಿದಿಣ್ಣೆ, 14 ಕಿ.ಮೀ. 200 ಮೀ., ಏರು ಎರಡೂ ಕಡೆಯಿಂದ. ನೆತ್ತಿ:’ ಅದರ ಮುಂದೆ ಖಾಲಿ ಬಿಟ್ಟೆ. ಅಚ್ಚಿನವರು ಎರಡು ಸಲ ಬಂದು, ಏನೋ ಬಿಟ್ಟುಹೋಗಿದೆ ಎಂದರು. ಬಿಟ್ಟುಹೋಗಿಲ್ಲ, ಗೊತ್ತಿಲ್ಲ ಎಂದೆ.

ಬುಧವಾರ ನೆತ್ತಿ ಎದ್ದದ್ದು ಊರಿನಿಂದ ಆರು ಕಿಲೋಮೀಟರು ಇನ್ನೂರು ಮೀಟರಿನಲ್ಲಿ. ಚಿಕ್ಕತಾಯಮ್ಮ ಹಾಲನ್ನು ಹೋಟೆಲಿಗೆ ಇಳಿಸಿ ನೇರ ಕಚೇರಿಗೆ ಬಂದರು. ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲಿಟ್ಟರು, ಯಾವ ಕಾಲೆಂದು ಬರೆಯುವುದಿಲ್ಲ.

“ಎಂಟು ಏರವ್ನೆ ಅವ್ನು. ತುಂಬಿದ್ ಕ್ಯಾನು ಕಟ್ಕಂಡು ಎಂಟು! ನಾಯಿ ಅಟ್ಟಿಸ್ಕಂಡು ಬಂದಂಗೆ ಬಂದವ್ನೆ. ಎದೆ ಒಡ್ಕಂಡು ಸತ್ತಾನು. ತಿದ್ದುಪಡಿ ಹಾಕು.”

“ತಪ್ಪೇ ಬರೆದಿಲ್ವಲ್ಲಕ್ಕ. ಖಾಲಿ ಬಿಟ್ಟಿದ್ದೆ.”

“ನಾಳೆದು ಏನ್ ಬರೀತೀಯ?”

“ಖಾಲಿ.”

“ಏಳು ಅಂತ ಬರಿ.”

“ಗೊತ್ತಿಲ್ಲದ್ದು ಬರೆಯಲ್ಲ.”

“ನಂಗೊತ್ತು, ಬರಿ” ಎಂದು ಕಾಫಿ ಮುಗಿಸಿ, ಇನಾಯತ್ ಸಾಬರ ಹತ್ತಿರ ಗಾಳಿ ನೋಡಿಸಬೇಕೆಂದು ಎದ್ದು ಹೋದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲಿಲ್ಲ.

ಆ ಸಂಜೆಯೂ ಖಾಲಿ ಬಿಟ್ಟೆ. ಗುರುವಾರ ನೆತ್ತಿ ಎದ್ದದ್ದು ಏಳು ಕಿಲೋಮೀಟರು ನಲವತ್ತು ಮೀಟರಿನಲ್ಲಿ. ನಾನು ಎರಡು ಸಲ ಅಳೆದೆ. ಹೇಳಿದಾಗ ಚಿಕ್ಕತಾಯಮ್ಮ ಕ್ಯಾನಿನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು, ಇಳಿಜಾರಿನ ಕಡೆಗೆ ಹ್ಯಾಂಡಲ್ ತಿರುಗಿಸಿದರು.

“ಆ ನಲವತ್ತು ಮೀಟರು ನಂದಲ್ಲ” ಎಂದರು. “ಅವ್ನು ತಡ.”